ಒಂದನೇ ಪ್ರತಿ

ಮಲಯಾಳದಲ್ಲಿ ಪ್ರತಿ ಎಂದರೆ ಆರೋಪಿ.
ಹನ್ನೊಂದು ವರ್ಷದಿಂದ ವಿದ್ಯಾನಗರದ ಈ ಕೋರ್ಟಿನಲ್ಲಿ
ಆ ಭಾಷೆಯನ್ನು ಕನ್ನಡಕ್ಕೆ ದಾಟಿಸುತ್ತ ಕೂತಿದ್ದೇನೆ.
ಈಗಲೂ 'ಒನ್ನಾಂ ಪ್ರತಿ' ಎಂದು ಕೂಗಿದಾಗ
ನನ್ನ ಕಿವಿಗೆ ಮೊದಲು ಬೀಳುವುದು ಕನ್ನಡವೇ:
ಒಂದನೇ ನಕಲು.
ಕಾರ್ಬನ್ ಹಾಳೆಯ ಅಡಿಯಿಂದ ಎದ್ದು ಬಂದವನಂತೆ
ಕಟಕಟೆ ಹತ್ತುತ್ತಾನೆ ಯಾರೋ ಒಬ್ಬ.

ಇವತ್ತಿನವನು ಲೋಹಿತಾಕ್ಷ, ಚನಿಯನ ಮಗ,
ವಯಸ್ಸು ಇಪ್ಪತ್ತಮೂರು.
ಶಿರಿಯ ಹೊಳೆಯ ಬದಿ, ರಾತ್ರಿ ಎರಡೂವರೆ,
ಒಂದು ಟಿಪ್ಪರು, ಎಂಟು ಬುಟ್ಟಿ, ಒಂದು ದೋಣಿ.
ದೋಣಿಯ ಯಜಮಾನ ಮಹಜರಿನಲ್ಲಿ ಇಲ್ಲ.

ತಪ್ಪು ಒಪ್ಪುತ್ತೀಯಾ, ಕೇಳಿದೆ.
ಅವನು ತುಳುವಿನಲ್ಲಿ ಹೇಳಿದ:
"ಯಾನ್ ಉಂತೊಂದಿತ್ತೆ, ಆತೆ."
ನಿಂತಿದ್ದೆ, ಅಷ್ಟೇ.
ನಾನದನ್ನು ಮಲಯಾಳ ಮಾಡಿದೆ.
ಟೈಪಿನವಳ ಬೆರಳು ದಾಟಿ ಹಾಳೆಗೆ ಇಳಿಯುವಷ್ಟರಲ್ಲಿ ಅದು
'ಕೃತ್ಯದ ಜಾಗದಲ್ಲಿ ಹಾಜರಿದ್ದೆ' ಆಗಿತ್ತು.
'ಅಷ್ಟೇ' ಎಲ್ಲಿ ಬಿದ್ದುಹೋಯಿತೋ, ನನಗೂ ಗೊತ್ತಿಲ್ಲ.

ಫಾರಮಿನಲ್ಲಿ ಹೆಸರಿಗೆ ಕಾಲಂ ಇದೆ, ತಂದೆಗೆ ಇದೆ,
ಎಡಗೆನ್ನೆಯ ಮಚ್ಚೆಗೂ ಇದೆ.
ಯಾಕೆ ಎಂಬುದಕ್ಕೆ ಇಲ್ಲ.

ಯಾಕೆ ಎಂಬುದು ನನ್ನ ಚೀಲದಲ್ಲಿದೆ,
ಬುತ್ತಿಯ ಪಕ್ಕ, ಸಾರು ಚೆಲ್ಲಿ ಹಳದಿಯಾಗಿ:
ಅಂಚೆ ಶಿಕ್ಷಣದ ಸಮಾಜಶಾಸ್ತ್ರ, ಎರಡನೇ ಸಂಪುಟ.
ಈ ವಯಸ್ಸಿಗೆ ಇನ್ನು ಯಾವ ಪರೀಕ್ಷೆ ಟೀಚರೇ ಎಂದು
ನಗುತ್ತಾರೆ ಬೆಂಚ್ ಕ್ಲಾರ್ಕ್ ಕುಂಞಂಬು ನಾಯರ್.

ತುದಿಕೊಂಬೆಯ ಮಾವು ಎಲ್ಲರಿಗೂ ತೋರಿಸಿ
ಏಣಿ ಕೆಲವರಿಗೇ ಕೊಟ್ಟರೆ
ಉಳಿದವರು ಕಲ್ಲು ಹುಡುಕುತ್ತಾರೆ, ಎಂಬ ಅರ್ಥದ್ದೇನೋ
ನಾಲ್ಕನೇ ಪಾಠದಲ್ಲಿದೆ, ಇದಕ್ಕಿಂತ ಕಷ್ಟದ ಮಾತಿನಲ್ಲಿ.
ಉಪ್ಪಳದ ರಸ್ತೆಯಲ್ಲಿ ಶೋರೂಮುಗಳು ಇಡೀ ರಾತ್ರಿ ಉರಿಯುತ್ತವಲ್ಲ,
ಆ ಹೊತ್ತಿನಲ್ಲಿ ಯಾರಿಗೆ?
ಕಾವಲಿಗೆ ನಿಂತವನು ನೋಡುತ್ತಾನೆ.

ಬೀಡಿ ಕಟ್ಟಲು ಕಲಿತ ಹಾಗೆಯೇ ಇದೂ, ಎನ್ನುತ್ತದೆ ಮುಂದಿನದು.
ಪಕ್ಕದಲ್ಲಿ ಕೂತು, ಕತ್ತರಿ ಹಿಡಿದ ಕೈ ನೋಡಿ,
ಎಲೆ ಎಷ್ಟು, ಹುಡಿ ಎಷ್ಟು,
ಯಾರು ಬಂದರೆ ಸುಮ್ಮನಾಗಬೇಕು.
ಪ್ರತಿ. ಸರಿ.
ಯಾವುದರ ಪ್ರತಿ?

ಊಟದ ಹೊತ್ತಿಗೆ ವರಾಂಡದಲ್ಲಿ ಅವನ ಅಕ್ಕ ಸಿಕ್ಕಳು.
"ಎಂಟನೇ ಕ್ಲಾಸಿನಲ್ಲಿ ಡ್ರಾಯಿಂಗ್ ಮೇಷ್ಟ್ರ ವಾಚು ಹೋಯಿತು.
ವಾರ ಬಿಟ್ಟು ಅವರ ಬಚ್ಚಲಲ್ಲೇ ಸಿಕ್ಕಿತಂತೆ.
ಹೋದದ್ದು ಊರಿಗೆಲ್ಲ ಗೊತ್ತು,
ಸಿಕ್ಕಿದ್ದು ಹೇಳಲು ಯಾರೂ ಬರಲಿಲ್ಲ ಮೇಡಂ."
ಆಮೇಲೆ ಯಾರ ಕೋಳಿ ಕಾಣದಿದ್ದರೂ
ಇವರ ಅಂಗಳದಲ್ಲಿ ಪುಕ್ಕ ಹುಡುಕುತ್ತಿದ್ದರು.

ಕಳ್ಳ. ಈ ಒಂದು ಪದಕ್ಕೆ ಇಲ್ಲಿ ಅನುವಾದಕಿ ಬೇಡ.
ಗಡಿಯ ಎರಡೂ ಬದಿಯ ಮಕ್ಕಳಿಗೆ ಅರ್ಥವಾಗುತ್ತದೆ.
ಬಾಲಕ್ಕೊಂದು ಸೊನ್ನೆ ಸೇರಿಸಿ ಕಳ್ಳಂ ಎಂದರೆ
ಮಲಯಾಳದಲ್ಲಿ ಸುಳ್ಳು.
ಆ ಸೊನ್ನೆಯನ್ನು ಯಾರೂ ಹಾಕಲಿಲ್ಲ.

ಎಂಟು ವರ್ಷದ ಹಿಂದೆ ನಾವೂ ಕಟ್ಟಿಸಿದೆವು, ಸೀತಾಂಗೋಳಿಯಲ್ಲಿ.
ಪಾಸಿನ ಮರಳಿಗೆ ತಿಂಗಳುಗಟ್ಟಲೆ ಕಾಯಬೇಕಿತ್ತು.
ಮೇಸ್ತ್ರಿ ಹೇಳಿದ್ದು ಇಷ್ಟು: ಅಕ್ಕ, ಗೇಟು ತೆಗೆದಿಡಿ.
ರಾತ್ರಿ ಸುರಿದ ಸದ್ದು ಕೇಳಿತು. ಲೈಟು ಹಾಕಲಿಲ್ಲ.
ಬೆಳಿಗ್ಗೆ ಒದ್ದೆ ರಾಶಿಯಲ್ಲಿ ಸಣ್ಣ ಸಣ್ಣ ಮರುವಾಯಿ ಚಿಪ್ಪು,
ಮಗಳು ಆರಿಸಿ ಆರಿಸಿ ಹಾರ್ಲಿಕ್ಸ್ ಬಾಟ್ಲಿ ತುಂಬಿದಳು.
ಬಾಟ್ಲಿ ಶೋಕೇಸಿನಲ್ಲಿದೆ.
ಆಗ ಇವನಿಗೆ ಎಷ್ಟು ವಯಸ್ಸು,
ಲೆಕ್ಕ ಸುಲಭ. ಮಾಡುವುದಿಲ್ಲ.

ಜನ ಯಾಕೆ ಕದಿಯುತ್ತಾರೆ ಎಂದಲ್ಲ,
ಉಳಿದವರು ಯಾಕೆ ಕದಿಯುವುದಿಲ್ಲ ಎಂದು ಕೇಳುವ
ಪಾಠವೂ ಒಂದು ಇದೆಯಂತೆ, ಕೊನೆಯಲ್ಲಿ.
ಅಲ್ಲಿಗೆ ಇನ್ನೂ ಬಂದಿಲ್ಲ.

ಮೂರು ಮುಕ್ಕಾಲು. ಕಡತ ನನ್ನ ಮೇಜಿಗೆ ಬಂತು.
ಎಂಟು ಬುಟ್ಟಿ, ಒಂದು ದೋಣಿ, ಹಾಜರಿದ್ದೆ.
ಪ್ರತಿ ಪುಟದ ಕೆಳಗೂ ಬರೆಯಬೇಕು ನಾನು,
'ಮೂಲಕ್ಕೆ ಸರಿಯಾದ ಪ್ರತಿ',
ಸಹಿ, ತಾರೀಕು, ಸೀಲು.

ಬಾಗಿಲ ಹತ್ತಿರ, ಪೊಲೀಸಿನವನ ಪಕ್ಕ,
ಅವನು ನಿಂತಿದ್ದಾನೆ.
ಅಷ್ಟೇ.