ಬಗಲು

ಕರೆಂಟ್ ಬಿಲ್ಲಿನ ಬೆನ್ನಿಗೆ ಲೆಕ್ಕ ಬರೆದದ್ದು ಅವರ.
ಸಿಮೆಂಟ್ ಫ್ಯಾಕ್ಟರಿ ಆಫೀಸಿನ ಪಗಾರ ಮ್ಯಾಲೆ,
ಗುತ್ತಿಗಿ ನರ್ಸಿಂದು ಕೆಳಗ,
ಅದರ ಕೆಳಗ ಒಂದು ಗೆರಿ.
ಕಳದಾಗ ಹನ್ನೊಂದು ಸಾವಿರ ಚಿಲ್ಲರೆ ಉಳೀತು.
‘ನೋಡು, ನಾ ಏನೂ ಹೇಳವಲ್ಲೆ, ಲೆಕ್ಕನ ಹೇಳತೈತಿ’
ಅಂದರು, ಪೆನ್ನಿನ ಟೊಪ್ಪಿಗಿ ಹಾಕಿ.
ಲೆಕ್ಕ ಖರೆ. ಎಲ್ಲೂ ತಪ್ಪಿರಲಿಲ್ಲ.
ತೊಟ್ಟಿಲದಾಗಿನ ಇಂಚರಾ
ಯಾವ ಅಂಕಿಗೂ ಹೊಂದದ ಹಂಗ ನಕ್ಕಳು.

ಹದಿನಾಲ್ಕು ತಿಂಗಳು ಮನ್ಯಾಗ ಕುಂತೆ.
ಕುಂತಳು ಅಂತಾರ ಎಲ್ಲಾರೂ;
ನನಗ ಕುಂತ ನೆನಪಿಲ್ಲ.
ತಿರುಗಿ ಹೋದಾಗ ಹೊಸಾ ಆರ್ಡರು,
ಹೊಸಾ ಫೋಟೋ, ಅನುಭವದ ಕಾಲಮ್ಮಿಗೆ ಸೊನ್ನಿ.
ನನ್ನ ಕೈಯಾಗ ಸೂಜಿ ಹಿಡಿಯೂದು ಕಲಿತ ಹುಡುಗಿ
ಈಗ ನನ್ನ ಡ್ಯೂಟಿ ಬರಿಯೂ ಸಿಸ್ಟರು.
ಮತ್ತ ಲೆಕ್ಕ ಹಾಕಿದ್ವಿ ಅನ್ರಿ,
ಈ ಸಲ ಲೆಕ್ಕ ಇನ್ನೂ ಖರೆ ಆಗಿತ್ತು.

ಆಮ್ಯಾಲೆ ಭೌರವ್ವ ಬಂದಳು
ಹಿನ್ನೀರಿನ ದಂಡಿ ಓಣಿಯಿಂದ ನಮ್ಮ ಸೆಕ್ಟರಿಗೆ,
ಮುಂಜಾನೆ ಎಂಟಕ್ಕ, ನಾಕೂವರಿ ಸಾವಿರಕ್ಕ.
ಬಂದಾಕಿನ ಕೂಸಿನ್ನ ಬಗಲಿಗೆ ಏರಿಸಿಕೊಂಡು
ಹಾಲು ಉಕ್ಕಿದ್ದನ್ನ ನನಗಿಂತ ಮೊದಲ ನೋಡಿದಳು.
‘ನಿನ್ನ ಗಂಡ?’ ಅಂದೆ.
‘ಗಂಡಸು ಕೂಸು ಹಿಡಕೊಂಡು ಕುಂತರ
ಟಂಟಂ ಯಾರು ಹೊಡೀಬೇಕ್ರಿ ಅಕ್ಕಾರ’
ಅಂತ ನಕ್ಕಳು. ನಾನೂ ನಕ್ಕೆ.
ನಮ್ಮ ಮನ್ಯಾಗೂ ಇದ ಮಾತು,
ಇಸ್ತ್ರಿ ಮಾಡಿದ್ದು.

‘ನಿನ್ನ ಸಣ್ಣಾಂವನ್ನ ಯಾರು ನೋಡತಾರ?’
ಇದನ್ನ ಕೇಳಿದ್ದು ಮೂರನೇ ತಿಂಗಳಿಗೆ.
ಮೂರು ತಿಂಗಳು ಯಾಕ ಹಿಡೀತೋ
ಗೊತ್ತಿಲ್ಲ ಅಂದರ ಸುಳ್ಳು ಆದೀತು.
‘ಹುಡುಗಿ ಅದಾಳಲ್ರಿ’ ಅಂದಳು,
ಮನಿ ಮುಂದ ನಳ ಐತಿ ಅಂದಂಗ.

ಹುಡುಗಿ ಬಂದಳು ಒಂದು ಬೇಸ್ತವಾರ.
ಪವಿತ್ರಾ. ಹನ್ನೊಂದು ತುಂಬಿಲ್ಲ.
ಬಗಲಾಗ ತಮ್ಮ, ಅವನ ಮೈ ಕಾದ ಹಂಚು.
ಥರ್ಮಾಮೀಟರ್ ಇಟ್ಟು, ಔಷಧ ಹಾಕಿ,
ತಣ್ಣೀರ ಬಟ್ಟಿ ಹಚ್ಚಿದೆ. ಅಷ್ಟು ನನಗ ಬರತೈತಿ.
ಬಟ್ಟಿ ಹಿಂಡೂವಾಗ ನೋಡಿದೆ ಆಕಿ ನಿಂತದ್ದು:
ಎಡಗಡೆ ಸೊಂಟ ಹೊರಗ ದೂಡಿ,
ಗ್ವಾಡಿಗೆ ಬಡಿದ ಗೂಟದಂಗ.
ಗಿಡ ಸಣ್ಣದಿದ್ದಾಗ ಹೆಂಗ ಬಾಗತೈತಿ ಹಂಗ ಬೆಳೀತೈತಿ ಅಂತಾರ.
ಹೊತ್ತು ಬಾಗಿದ್ದಕ್ಕ ಏನಂತಾರೋ.

ಲಂಗದ ಒಳಗ ಮಡಚಿಟ್ಟ ಒಂದು ಕಾಗದ ತಗದಳು.
ಹೆಸರು ತಗದಾರಂತ ಸಾಲ್ಯಾಗ, ಮತ್ತ ಹಚ್ಚಬೇಕಂತ.
‘ನೀ ಬರಿ, ನಾ ನೋಡತೇನಿ’ ಅಂದೆ.
ತಮ್ಮನ್ನ ಇಳಿಸದ, ಟೇಬಲ್ಲಿಗೆ ಬಗ್ಗಿ ಬರದಳು.
ತಂದಿ ಉದ್ಯೋಗ: ಡ್ರೈವರ್.
ತಾಯಿ ಉದ್ಯೋಗ: ಮನೆಗೆಲಸ.
ಯಾರ ಮನಿ ಅಂತ ಆ ಕಾಗದ ಕೇಳಂಗಿಲ್ಲ.
ಆಕಿ ಉದ್ಯೋಗಕ್ಕ ಗೆರಿನ ಇರಲಿಲ್ಲ.
ಊರು ಅಂದಲ್ಲಿ ನಾಲಿಗಿ ಕಚ್ಚಿಕೊಂಡು,
ಒಂದೊಂದ ಅಕ್ಷರ ಒತ್ತಿ,

ಬಗಲ ಕೋಟಿ.

ತಲಕಟ್ಟಿನ ಬ. ಇಳಿ ಇಲ್ಲ.
ಯಾವ ತಿಂಗಳು ಕಾಗುಣಿತ ಕಲಿಸಿದರೋ
ಆ ತಿಂಗಳು ತಮ್ಮ ಹುಟ್ಟಿದ್ದಾನು.

‘ಇಳಿ ಬಿಟ್ಟೀಯಲ್ಲವಾ, ಇಳಿ ಹಾಕು’ ಅಂದೆ.
ಆಕಿ ಗಾಬರ್‍ಯಾಗಿ
ಬಗಲಿನ ಕೂಸನ್ನ ನೆಲಕ್ಕ ಇಳಿಸಿದಳು.

ಒಂದು ಗಳಿಗಿ ನೆಟ್ಟಗ ನಿಂತಳು ಹುಡುಗಿ.
ನಾ ತಿಳಿದದ್ದಕ್ಕಿಂತ ಎತ್ತರ ಇದ್ದಳು.

ಹುಡುಗ ಅಳಾಕ ಸುರು ಮಾಡಿದ,
ಒಳಗಿನಿಂದ ಇಂಚರಾನೂ ದನಿ ಕೂಡಿಸಿದಳು,
ಭೌರವ್ವ ಆಕಿ ಕಡೆ ಓಡಿದಳು, ನಮ್ಮಾಕಿ ಕಡೆ.
ನಾ ಬಗ್ಗೂದರೊಳಗ ಪವಿತ್ರಾ ಬಗ್ಗಿ
ತಮ್ಮನ್ನ ಎತ್ತಿ ಮತ್ತ ಎಡಕ್ಕ ವಾಲಿದಳು.

ಎರಡರ ಡ್ಯೂಟಿ. ಬಸ್ಸು ಒಂದೂವರಿಗೆ.
ಪೆನ್ನು ನನ್ನ ಕೈಯಾಗ ಇತ್ತು,
ಕಾಗದ ಆಕಿ ಮಡಚಿಬಿಟ್ಟಿದ್ದಳು.