ಮೂರನೇ ಒಲೆಗುಂಡು

ಅಡುಗೆಕೋಣೆಗೂ ಏಳನೇ ಕ್ಲಾಸಿಗೂ ನಡುವೆ
ಒಂದೇ ಗೋಡೆ, ಒಂದು ಕಿಟಕಿ, ಅದಕ್ಕೆ ಕದವಿಲ್ಲ.
ಒಗ್ಗರಣೆ ಆ ಕಡೆ ಹೋಗುತ್ತೆ, ಪಾಠ ಈ ಕಡೆ ಬರುತ್ತೆ.
ಕಲಸಾಪುರದ ಶಾಲೇಲಿ ಹನ್ನೊಂದು ವರ್ಷದಿಂದ
ನಾನು ಹೀಗೇ ಏಳನೇ ಕ್ಲಾಸು ಓದ್ತಾ ಇದೀನಿ,
ಪಾಸೂ ಇಲ್ಲ, ಫೇಲೂ ಇಲ್ಲ.

ಇವತ್ತು ನಸ್ರೀನ್ ಟೀಚರ್ ಜ್ವಾಲಾಮುಖಿ ತೆಗೆದರು.
ಬೆಂಕಿ ಅಂದ್ರೆ ಹುಡುಗರಿಗೆ ಕುಣಿತ.
"ಎಲ್ಲ ಬೆಟ್ಟವೂ ಒಂದೇ ಥರ ಸಿಡಿಯಲ್ಲ" ಅಂದರು,
"ಕರಗಿದ ಕಲ್ಲು ತೆಳುವೋ ಮಂದವೋ,
ಒಳಗೆಷ್ಟು ಗಾಳಿ ಸಿಕ್ಕಿಕೊಂಡಿದೆ,
ಎಲ್ಲ ಅದರ ಮೇಲೆ."
ಸೌಟು ಎತ್ತಿ ಇಳಿಬಿಟ್ಟು ನೋಡಿದೆ.
ಇದು ನಂಗೆ ಗೊತ್ತಿರೋ ಲೆಕ್ಕ.

ತೆಳುವಾದ್ರೆ ಹರಿಯುತ್ತೆ, ಕಾವಲಿ ಮೇಲೆ ನೀರುದೋಸೆ,
ಕೋಪವಿಲ್ಲ, ತಡೆಯೋರೂ ಇಲ್ಲ,
ಪದರದ ಮೇಲೆ ಪದರ ಬಿದ್ದು
ಗುರಾಣಿ ಬೋರಲು ಹಾಕಿದಂಥ ಅಗಲ ಬೆಟ್ಟ.
ಹವಾಯಿ ಅಂತ ಒಂದು ಸೀಮೆಯಂತೆ.
ನಾನು ಚಪ್ಪಲಿ ಮಾತ್ರ ಕಂಡವಳು.

ಮಂದವಾದ್ರೆ ಅದು ರಾಗಿಹಿಟ್ಟು.
ಎಸರಿಗೆ ಹಿಟ್ಟು ಬಿಟ್ಟ ಮೇಲೆ
ತಳದ ಗುಳ್ಳೆಗೆ ಮೇಲೇಳೋಕೆ ದಾರಿಯಿಲ್ಲ.
ಸುಮ್ಮನಿರುತ್ತೆ. ಸುಮ್ಮನಿರುತ್ತೆ.
ಆಮೇಲೆ ಪಚ್ಚಂತ ಒಂದು,
ನನ್ನ ಮೊಣಕೈ ಮೇಲಿನ ನಾಲ್ಕು ಕಲೆ ಅದರದ್ದೇ.
ಅಂಥ ಬೆಟ್ಟ ಚೂಪು, ನೋಡೋಕೆ ಲಕ್ಷಣ;
ಬೂದಿ ಒಂದು ಪದರ, ಲಾವಾ ಒಂದು ಪದರ,
ಬಾಯಿ ಬಿಗಿದು ಇನ್ನೂರು ವರ್ಷ ಕೂತು
ಒಂದು ದಿನ ನಡುಮಧ್ಯಾಹ್ನಕ್ಕೇ ಕತ್ತಲೆ ಕವಿಸುತ್ತಂತೆ.
"ಕುಕ್ಕರ್ ಥರಾನಾ ಮಿಸ್?" ಅಂದ ಧರಣೇಂದ್ರ.
"ವಿಷಲ್ ಇಲ್ಲದ್ದು" ಅಂದರು.

ಹೋದ ವರ್ಷ ಮಹಿಳಾ ದಿನಕ್ಕೆ ಬಂದ ಮೇಡಂ ಒಬ್ಬರು
ಹೆಣ್ಣೆಂದರೆ ಜ್ವಾಲಾಮುಖಿ ಅಂತ ಮೈಕಲ್ಲಿ ಕೂಗಿದ್ದರು.
ಚಪ್ಪಾಳೆ ಹೊಡೆದುಬಿಟ್ಟೆ.
ಯಾವ ಥರದ್ದು ಅಂತ ಕೇಳಬೇಕಿತ್ತು.

ಸಣ್ಣವೂ ಇವೆಯಂತೆ. ಬಾಣಲೆಯಲ್ಲಿ ಜೋಳ ಅರಳಿದಂಗೆ
ಕೆಂಡ ಉಗುಳಿ ಉಗುಳಿ ತನ್ನ ಸುತ್ತ ತಾನೇ
ಕಣದ ರಾಶಿ ಹಾಕಿಕೊಳ್ಳೋವು.
ಕಡಲ ತಳದಲ್ಲೂ ಇವೆ:
ಬೆಲ್ಲದ ಪಾಕ ಬಂತೋ ಇಲ್ಲವೋ ನೋಡೋಕೆ
ತಣ್ಣೀರಿಗೆ ಒಂದು ತೊಟ್ಟು ಬಿಟ್ಟರೆ
ಉಂಡೆ ಕಟ್ಟುತ್ತಲ್ಲ, ಹಾಗೆ
ಬೆಂಕಿ ನೀರಲ್ಲಿ ದಿಂಬು ದಿಂಬಾಗಿ ಹೆಪ್ಪುಗಟ್ಟುತ್ತಂತೆ.

"ಮುಳ್ಳಯ್ಯನಗಿರಿ ಯಾವಾಗ ಸಿಡಿಯುತ್ತೆ ಮಿಸ್?"
ಎಲ್ಲರೂ ಕಿಟಕಿಗೆ ಮುಗಿಬಿದ್ದರು.
ದೂರದಲ್ಲಿ ಬಾಬಾಬುಡನ್ ಸಾಲು, ಕುದುರೆ ಲಾಳದ ಹಾಗೆ ಬಳಸಿ,
ಬಾಯಿ ತೆರೆದಂತೆಯೇ ಕಾಣುತ್ತೆ.
"ಆಕಾರ ನೋಡಿ ಮೋಸ ಹೋಗಬೇಡಿ.
ಅದು ಬಾಯಲ್ಲ, ನೆಲ ಮಡಚಿ ಎದ್ದದ್ದು.
ಬೆಂಕಿ ಬೇಕಿದ್ದರೆ ಬೆಟ್ಟದ ತುದಿ ನೋಡೋದಲ್ಲ,
ಕಾಲಡಿ ನೋಡಿ" ಅಂದವರೇ
ಸಾಲುಕಟ್ಟಿಸಿ ನನ್ನ ಹಿತ್ತಿಲಿಗೇ ಕರೆತಂದರು.

ಸಿಲಿಂಡರ್ ಬಂದಿರಲಿಲ್ಲ, ಮೂರು ದಿನದಿಂದ
ಹೊರಗೆ ಮೂರು ಗುಂಡಿನ ಒಲೆ.
ಎರಡು ಎಲ್ಲಿಂದಲೋ ಬಂದವು. ಮೂರನೇದು
ಶಾಲೆಯ ಬಾವಿ ತೋಡಿದಾಗ ಎದ್ದದ್ದು,
ಕಡುಹಸಿರು, ಮೈತುಂಬ ಬಿಳಿ ಚುಕ್ಕೆ.
ಸಿಡುಬು ಬಂದ ಕಲ್ಲು ಅಂತಿದ್ದೆ ನಾನು.

"ಇದು ಲಾವಾ" ಅಂದರು ಟೀಚರ್.
"ಈ ಒಂದೊಂದು ಚುಕ್ಕೆಯೂ ಒಂದು ಗುಳ್ಳೆ.
ಹೊರಗೆ ಬರೋಕೆ ಹೊರಟ ಗಾಳಿ,
ಅಷ್ಟರಲ್ಲಿ ಕಲ್ಲು ಆರಿಹೋಯಿತು.
ಆಮೇಲೆ ಎಷ್ಟೋ ಕಾಲಕ್ಕೆ ನೀರು ಇಳಿದು
ಆ ಖಾಲಿಯಲ್ಲಿ ಬಿಳಿ ತುಂಬಿತು.
ಇನ್ನೂರೈವತ್ತು ಕೋಟಿ ವರ್ಷಕ್ಕೂ ಹಿಂದೆ.
ಆಗ ಹುಲ್ಲಿಲ್ಲ, ಇರುವೆಯಿಲ್ಲ,
ಆ ಸದ್ದು ಕೇಳೋಕೆ ಒಂದು ಕಿವಿಯೂ ಇರಲಿಲ್ಲ."

ನಾನು ಸೌದೆ ಹಿಂದಕ್ಕೆಳೆದೆ.
ಅಷ್ಟು ಕಾಲ ಆರಿ ತಣ್ಣಗೆ ಮಲಗಿದ್ದನ್ನ
ಅರವತ್ತೆರಡು ಮಕ್ಕಳ ಅನ್ನಕ್ಕಂತ
ಮತ್ತೆ ಬೆಂಕಿಗೆ ಕೂರಿಸಿದ್ದೀನಿ.
"ಕರಗುತ್ತಾ ಮಿಸ್?" ಅಂತ ನಾನೇ ಕೇಳಿಬಿಟ್ಟೆ.
"ಸಾವಿರ ಡಿಗ್ರಿ ದಾಟಬೇಕು ಚೆಲುವಮ್ಮ,
ನಿಮ್ಮ ಸೌದೆಗೆ ಆಗಲ್ಲ."

ಅಷ್ಟರಲ್ಲಿ ಧರಣೇಂದ್ರ ಬೆರಳು ಚಾಚಿ
ಕಲ್ಲಿನ ನೆತ್ತಿ ಮುಟ್ಟಿ ಚಟ್ಟನೆ ಎಳೆದುಕೊಂಡ:
"ಮಿಸ್! ಇನ್ನೂ ಬಿಸಿ ಇದೆ!"

ಟೀಚರ್ ನನ್ನ ಮುಖ ನೋಡಿದರು,
ನಾನು ಅವರ ಮುಖ ನೋಡಿದೆ.
ಇಬ್ಬರೂ ಏನೂ ಹೇಳಲಿಲ್ಲ.