ಗಿರಿಜವ್ವ ಕೋಂ

ಬೆಟಗೇರ್ಯಾಗ ನಮ್ಮ ಮನೀಗೆ ನಂಬರ ಬೇಕಾಗಿಲ್ಲ.
ಬೆಕ್ಕಿನಕಣ್ಣವರ ಮನಿ ಅಂದರ ಸಾಕು,
ಗ್ಯಾಸಿನ ಹುಡುಗ ಸುದ್ದಾ ಬಾಗಲಕ್ಕ ಬರತಾನ.
ನನ್ನ ನೋಡಾಕ ಬಂದಿದ್ದ ರೋಣದ ಮಂದಿ
ಅವಲಕ್ಕಿ ತಿಂದು, ಚಾ ಕುಡದು,
"ಹುಡುಗಿ ಕಣ್ಣು ಯಾಕೋ..." ಅಂತ
ಅರ್ಧಾ ಮಾತು ಕಟ್ಟಿ ಮ್ಯಾಲ ಬಿಟ್ಟು ಹೋದರು.
ನಲವತ್ತು ವರ್ಷ ಆತು,
ಆ ಅರ್ಧಾ ಮಾತು ಇನ್ನೂ ಅಲ್ಲೇ ಕುಂತೈತಿ.

ಅಜ್ಜಿಗೆ ಕೇಳಿದರ ಎರಡು ಕಥಿ ಹೇಳತಿದ್ದಳು.
ಒಂದು, ಸ್ಕಾಟ್ಲೆಂಡಿನ ದೊರಸಾನಿದು.
ಹತ್ತಿ ಜಿನ್ನಿನ ಮಷೀನ ಜೋಡಸಾಕ ಬಂದ
ಸ್ಪಿಂಕ್ ಸಾಹೇಬನ ಹೇಣ್ತಿ.
ಬಂದ ವರ್ಷನ ಸಾಹೇಬಗ ವಾಂತಿಭೇದಿ.
ಅಕಿ ಬಸರಿದ್ದಳಂತ, ಹಡಗ ಹತ್ತಿ ಹೋದಳಂತ,
ಇಲ್ಲ, ಹೋಗಲಿಲ್ಲಂತ,
ಯಾರಿಗೆ ಗೊತ್ತವಾ, ಒಲಿ ಮ್ಯಾಲ ಹಾಲೈತಿ ನೋಡು.
ಇನ್ನೊಂದು, ಗಿರಿಜವ್ವನದು.
ನೇಕಾರ ಸಂಕಪ್ಪನ ಎರಡನೇ ಹೇಣ್ತಿ, ಬಲು ಜೋರು.
ಮಗ್ಗದ ಕುಣ್ಯಾಗ ಕಾಲ ಇಳಿಬಿಟ್ಟು ಕುಂತಳಂದರ
ಮೂರು ದಿನಕ್ಕೊಂದು ಸೀರಿ.
ಹುಡುಗರು ಗದ್ಲಾ ಹಾಕಿದರ ಒಂದ ಶಬ್ದ: "ವೀಶ್ಟ್!"
ಅಜ್ಜಿ ನಮಗೂ ಹಂಗ ಅಂತಿದ್ದಳು.
ಬೆಕ್ಕು ಓಡಸೋ ಶಬ್ದ ಅಂತ ತಿಳದಿದ್ದೆ ನಾ.

ರಿಟಾಯರ್ ಆದ ಹೊಲಿಗಿ ಟೀಚರಗೆ
ಇನ್ನೇನ ಕೆಲಸ? ಹುಡುಕಾಕ ಹತ್ತಿದೆ.
ಹುಬ್ಬಳ್ಳಿ ಬಸ್ಸು, ಚರ್ಚಿನ ಹಳೇ ಪುಸ್ತಕ,
ಹಾಳಿ ಮ್ಯಾಲ ಗೆದ್ದಲ ತನ್ನದೂ ಒಂದೀಟು ಬರದಿತ್ತು.
ಡೇವಿಡ್ ಸ್ಪಿಂಕ್: ವಯಸ್ಸೈತಿ, ರೋಗ ಐತಿ,
ಮಣ್ಣು ಕೊಟ್ಟ ತಾಸೂ ಐತಿ.
ಕೆಳಗ, "ವಿಧವೆಯೊಬ್ಬಳಿದ್ದಾಳೆ". ಅಷ್ಟ.
ಅಕಿ ಹೆಸರಿಗೆ ಬಂದಾಗ ಶಾಯಿ ತೀರಿತ್ತೇನೋ.
ಸಮರ್ಥಪ್ಪ ಮಾಸ್ತರು ಪುಸ್ತಕ ಮುಚ್ಚಿ ಅಂದರು,
"ಅಕ್ಕೋರ, ಇದರಾಗ ಗಂಡಸರು ಸಾಯತಾರ,
ಹೆಂಗಸರು ಬರೇ ಉಳೀತಾರ."

ತಂಗಿ ಮಗ ಕಂಪ್ಯೂಟರಿನ್ಯಾಗ ಅವರೂರಿನ
ಮದವಿ ದಫ್ತರಾ ತಗದು ಕೊಟ್ಟ.
ಆರ್ಬ್ರೋತ್ ಅಂತ, ಸಮುದ್ರದ ದಂಡಿ.
ಹುಡುಗಿ ಅಗಸಿ ನಾರಿನ ಗಿರಣ್ಯಾಗ ಕೂಲಿ.
ಅಗಸಿ!
ನಮ್ಮ ಚಟ್ನಿ ಪುಡಿ ಅಗಸಿ!
ಅಲ್ಲಿ ಅಕಿ ಒಣಾ ನಾರಷ್ಟ ಕಂಡಾಕಿ,
ಉಸರಿನ್ಯಾಗ ಧೂಳಾಗಿ ಕಂಡಾಕಿ,
ಹಿಂಗಾರಿಗೆ ನಮ್ಮ ಎರಿ ಹೊಲದಾಗ
ಅದರ ನೀಲಿ ಹೂ ಕಂಡಾಗ
ಗುರುತು ಹಿಡದಳೋ, ಇಲ್ಲೋ.
ನಾರು ಒಗದು ಬೀಜ ತಿನ್ನೋ ಮಂದಿ ಅಂತ
ನಕ್ಕಿರಬೇಕು ಒಂದರ ದಿನಾ.

ಹೆಸರು, ಗ್ರಿಜೆಲ್ ಪೆಟ್ರಿ.
ಭಾಂಡೆ ತಿಕ್ಕೋ ಮುಂದ ಬಾಯಾಗ ಹೊರಳಸಿದೆ.
ಗ್ರಿಜೆಲ್. ಗಿರಿಜೆಲ್.
ಕೈಯಾಗಿನ ತಾಟು ಜಾರಿತು.
ಸಂಕಪ್ಪಗ ನಾಲಿಗಿ ಹೊಳ್ಳಿದಷ್ಟು
ಆಗಿತ್ತು ಅಕಿ ಹೆಸರು.

ಗದಗ ಸರ್ವೆ ಆಫೀಸು. ಮನಿ ಖರೀದಿ ಪತ್ರ.
"ಗಿರಿಜವ್ವ ಕೋಂ ಸಂಕಪ್ಪ, ಸಾಕಿನ ಬೆಟಗೇರಿ."
ತಳದಾಗ, ಬರಿಯಾಕ ಬರಲಾರದವರು
ನಿಶಾನಿ ಹಾಕೋ ಜಾಗಾ:
ಒಕ್ಕಲಿಗಗ ನೇಗಲಾ, ನೇಕಾರಗ ಲಾಳಿ.
ಬರಿಯೋ ಕಾರಕೂನ ಕೇಳದನ
ಒಂದು ಲಾಳಿ ಅರ್ಧಾ ತಗದಿದ್ದ.
ಅದರ ಮ್ಯಾಲ ಹಾದು,
ನೂಲು ಹೊಸದಂಗ ಸಪೂರ ಇಂಗ್ರೇಜಿ ಅಕ್ಷರ,
ಗ್ರಿಜೆಲ್ ಪೆಟ್ರಿ.
ಸ್ಪಿಂಕ್ ಅಂತಿಲ್ಲ. ಸಂಕಪ್ಪನೂ ಇಲ್ಲ.
ಯಾರ ಕೋಂ ಅಲ್ಲದ ಒಂದು ಸಹಿ.

ನಕಲು ಬೇಕಂದರ ಅರ್ಜಿ ತುಂಬ್ರಿ ಅಂದ.
ಸಂಬಂಧ ಅನ್ನೋ ಕಡೆ ಬರದೆ, ಅಜ್ಜಿಯ ಅಜ್ಜಿ.
ಹುಡುಗ ಕಾರಕೂನ, ಹೊಸಾ ನೌಕರಿ,
"ಬಾಯಿಲೆ ಹೇಳಿದರ ಆಗಂಗಿಲ್ರಿ,
ಏನರ ಪುರಾವೆ?"

ಚಷ್ಮಾ ತಗದು ಟೇಬಲ್ ಮ್ಯಾಲ ಇಟ್ಟು
ಅವನ್ನ ನೋಡಿದೆ.
ಅಂವಾ ಒಂದ ಗಳಿಗಿ ಸುಮ್ಮನಾಗಿ,
"ಬೆಟಗೇರಿ ಬೆಕ್ಕಿನಕಣ್ಣವರೇನ್ರಿ?" ಅಂದ.
ಇಪ್ಪತ್ತು ರೂಪಾಯಿ ಫೀ.
ಚಿಲ್ಲರ ಇರಲಿಲ್ಲ ಅವನ ಹಂತೇಕ.